ಗೆದ್ದ ನಗರ ಕೊರಳಿಗೆ ಸುತ್ತಿಕೊಂಡಾಗ: ಸಿವಿಲೈಸೇಶನ್ 5 ಆಟಗಾರರಿಗೆ ದೋಷ ನಿವಾರಣೆ ಕೈಪಿಡಿ

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟವಾದ ಸಿವಿಲೈಸೇಶನ್ 5ರಲ್ಲಿ ಶತ್ರುವಿನ ನಗರವನ್ನು ಹಿಡಿದ ಕೂಡಲೇ ಪರದೆಯ ನಡುವೆ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಅನೆಕ್ಸ್ (ನಗರವನ್ನು ಸೇರಿಸಿಕೊಂಡು ನೇರವಾಗಿ ಆಳುವುದು), ಪಪೆಟ್ (ನಗರ ನಿಮ್ಮದಾದರೂ ತನ್ನ ಆಡಳಿತ ತಾನೇ ನಡೆಸಿಕೊಳ್ಳುವುದು), ರೇಜ್ (ನೆಲಸಮ ಮಾಡುವುದು) ಎಂಬ ಮೂರು ಗುಂಡಿಗಳಿರುತ್ತವೆ. ಆ ನಗರ ಮೂಲತಃ ಬೇರೆ ಯಾರದೋ ಆಗಿದ್ದರೆ ಲಿಬರೇಟ್ (ಮೂಲ ಒಡೆಯನಿಗೆ ಮರಳಿಸುವುದು) ಎಂಬ ನಾಲ್ಕನೆಯದೂ ಬರುತ್ತದೆ. ಯುದ್ಧದ ಹುರುಪಿನಲ್ಲಿರುವ ಆಟಗಾರ ಸರಿಯಾಗಿ ಓದದೆ ಒಂದನ್ನು ಒತ್ತಿ ಮುಂದಿನ ನಗರದ ಕಡೆಗೆ ಸೇನೆ ನಡೆಸುತ್ತಾನೆ. ಇಪ್ಪತ್ತು ಸರದಿ ಕಳೆಯುವಷ್ಟರಲ್ಲಿ ಖಜಾನೆ ಬರಿದಾಗಿರುತ್ತದೆ, ರಾಜಧಾನಿಯ ಬೆಳವಣಿಗೆ ನಿಂತಿರುತ್ತದೆ, ಗಡಿಯೊಳಗೆ ದಂಗೆಕೋರರು ಓಡಾಡುತ್ತಿರುತ್ತಾರೆ. ಆಟದಲ್ಲೇ ಏನೋ ದೋಷವಿದೆ ಎಂದು ದೂರುವವರು ಹಲವರು. ನಾನು ನೋಡಿದ ಮಟ್ಟಿಗೆ ದೋಷ ಆಟದಲ್ಲಿರುವುದು ಅಪರೂಪ, ಆ ಒಂದು ಕಿಟಕಿಯಲ್ಲಿರುವುದೇ ಹೆಚ್ಚು.

ಈ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಗಳೆಲ್ಲ 2013ರಲ್ಲಿ ಬಂದ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಇರುವ ಆಟಕ್ಕೆ, ಸ್ಟ್ಯಾಂಡರ್ಡ್ ವೇಗಕ್ಕೆ ಮತ್ತು ಸ್ಟ್ಯಾಂಡರ್ಡ್ ಗಾತ್ರದ ನಕ್ಷೆಗೆ ಸಂಬಂಧಿಸಿದವು. 2010ರ ಮೂಲ ಆಟವನ್ನೇ ಆಡುವವರಿಗೆ ಕೆಲವು ಅಂಕಿ ಹೊಂದುವುದಿಲ್ಲ. ಸಿವಿಲೈಸೇಶನ್ 6ರಲ್ಲಿ ಗೆದ್ದ ನಗರದ ಲೆಕ್ಕವೇ ಬೇರೆ, ಆದ್ದರಿಂದ ಇಲ್ಲಿನ ಸಲಹೆಗಳನ್ನು ಅಲ್ಲಿಗೆ ಒಯ್ಯಬೇಡಿ. ಗುಂಡಿ ಮತ್ತು ಕಟ್ಟಡಗಳಿಗೆ ಪರದೆಯ ಮೇಲೆ ಕಾಣುವ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ನಕ್ಷೆಯ ಷಟ್ಕೋನಗಳನ್ನು ಮಾತ್ರ ಚೌಕಾಬಾರದ ರೂಢಿಯಂತೆ ಮನೆಗಳೆಂದೇ ಕರೆಯುತ್ತೇನೆ.

ಶುರುಮಾಡುವ ಮುನ್ನ

ಏನನ್ನೂ ಬದಲಿಸುವ ಮೊದಲು ಆಟವನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ, ಏಕೆಂದರೆ ಮುಂದೆ ಹೇಳುವ ಎರಡು ಕ್ರಮಗಳಿಗೆ ಹಿಂದಿರುಗುವ ದಾರಿಯಿಲ್ಲ. ಅನೆಕ್ಸ್ ಮಾಡಿದ ನಗರವನ್ನು ಮತ್ತೆ ಪಪೆಟ್ ಮಾಡಲಾಗದು. ರೇಜ್ ಆಗುತ್ತಿರುವ ನಗರವನ್ನು ನಡುವೆ ನಿಲ್ಲಿಸಬಹುದಾದರೂ ಅಷ್ಟರಲ್ಲಿ ಹೋದ ಜನಸಂಖ್ಯೆ ಮರಳಿ ಬರುವುದಿಲ್ಲ. ಆಪ್ಷನ್ಸ್ ಪುಟದಲ್ಲಿ ಎಷ್ಟು ಸರದಿಗೊಮ್ಮೆ ಆಟೋಸೇವ್ ಆಗಬೇಕು, ಎಷ್ಟು ಕಡತ ಉಳಿಯಬೇಕು ಎಂಬುದನ್ನು ನಿಗದಿ ಮಾಡಬಹುದು. ಯುದ್ಧ ನಡೆಯುತ್ತಿರುವಾಗ ಪ್ರತಿ ಸರದಿಗೂ ಒಂದು ಸೇವ್ ಆಗುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ಹಲವರು ಸೇರಿ ಆಡುವ ಆಟದಲ್ಲಿ ಈ ಆಸರೆಯನ್ನು ನಂಬುವಂತಿಲ್ಲ, ಅಲ್ಲಿ ಕೊನೆಯ ಹೊಡೆತಕ್ಕೆ ಮೊದಲೇ ಲೆಕ್ಕ ಮುಗಿದಿರಬೇಕು.

ಲಕ್ಷಣ: ಹಿಡಿದ ನಗರ ಏನನ್ನೂ ಮಾಡುತ್ತಿಲ್ಲ

ನಗರದ ಪುಟ ತೆರೆದರೆ ಉತ್ಪಾದನೆ ಇಲ್ಲ, ಚಿನ್ನ ಕೊಟ್ಟು ಏನನ್ನಾದರೂ ಕೊಳ್ಳೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಇದು ದೋಷವಲ್ಲ, ಪ್ರತಿರೋಧದ ಅವಧಿ. ಹಿಡಿದ ಕ್ಷಣದಲ್ಲಿ ನಗರದ ಜನಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ಆ ಉಳಿದ ಅರ್ಧ ಎಷ್ಟೋ ಅಷ್ಟೇ ಸರದಿ ಪ್ರತಿರೋಧ ನಡೆಯುತ್ತದೆ. ಜನಸಂಖ್ಯೆ 12 ಇದ್ದ ನಗರ 6ಕ್ಕೆ ಇಳಿದು 6 ಸರದಿ ಸುಮ್ಮನೆ ಕೂರುತ್ತದೆ. ನಗರದ ಹೆಸರಿನ ಪಟ್ಟಿಯಲ್ಲಿ ಕಾಣುವ ಚಿಕ್ಕ ಚಿಹ್ನೆಯ ಮೇಲೆ ಮೌಸ್ ಇಟ್ಟರೆ ಇನ್ನೆಷ್ಟು ಸರದಿ ಬಾಕಿ ಇದೆ ಎಂಬುದು ತಿಳಿಯುತ್ತದೆ.

ಇದಕ್ಕೆ ಮದ್ದು ಕಾಯುವುದೊಂದೇ. ಬೇಗ ಸರಿಹೋಗಲಿ ಎಂದು ಈ ಅವಧಿಯಲ್ಲಿ ಅನೆಕ್ಸ್ ಒತ್ತಿದರೆ ಪ್ರತಿರೋಧ ಒಂದು ಸರದಿಯಷ್ಟೂ ಕಡಿಮೆಯಾಗುವುದಿಲ್ಲ. ಅತೃಪ್ತಿಯಷ್ಟೇ ಏರುತ್ತದೆ, ಅದನ್ನು ಇಳಿಸುವ ಕೋರ್ಟ್‌ಹೌಸ್ ಎಂಬ ಕಟ್ಟಡವನ್ನು ಕೊಳ್ಳಲೂ ಆಗುವುದಿಲ್ಲ. ಮುಂದಿನ ಯುದ್ಧಗಳಿಗೆ ಅನುಕೂಲವಾಗುವ ಒಂದು ಸಂಗತಿ ಇಲ್ಲಿದೆ. ಎದುರಾಳಿಯ ಮೇಲೆ ನಿಮ್ಮ ಸಾಂಸ್ಕೃತಿಕ ಪ್ರಭಾವ ಮೊದಲೇ ಗಟ್ಟಿಯಾಗಿದ್ದರೆ ಪ್ರತಿರೋಧದ ಅವಧಿ ಕಡಿಮೆಯಾಗುತ್ತದೆ. ಈ ಪ್ರಭಾವ ಬೆಳೆಸುವ ಟೂರಿಸಂ ಯುದ್ಧಪ್ರಿಯರಿಗೆ ಬೇಡದ ವಿಷಯ ಎಂದುಕೊಂಡವರು ಇದನ್ನು ಗಮನಿಸಬೇಕು.

ಲಕ್ಷಣ: ಹ್ಯಾಪಿನೆಸ್ ಒಂದೇ ಸಲಕ್ಕೆ ಕುಸಿದಿದೆ

ಹೆಚ್ಚಿನವರು ಸಹಾಯ ಕೇಳಿಕೊಂಡು ಬರುವುದು ಇದಕ್ಕೇ. ಹ್ಯಾಪಿನೆಸ್ ಎಂದರೆ ಇಡೀ ದೇಶದ ತೃಪ್ತಿಯಿಂದ ಅತೃಪ್ತಿಯನ್ನು ಕಳೆದರೆ ಉಳಿಯುವ ಅಂಕ. ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ, ಹತ್ತು ಸೆಕೆಂಡು ಸಾಕು. ಪರದೆಯ ಮೇಲ್ಭಾಗದ ನಗುಮುಖದ ಮೇಲೆ ಮೌಸ್ ಇಡಿ, ಅಥವಾ ಎಫ್2 ಒತ್ತಿ ಆರ್ಥಿಕ ಪುಟದಲ್ಲಿ ಹ್ಯಾಪಿನೆಸ್ ವಿಭಾಗವನ್ನು ತೆರೆಯಿರಿ. ತೃಪ್ತಿ ಎಲ್ಲೆಲ್ಲಿಂದ ಬರುತ್ತಿದೆ, ಅತೃಪ್ತಿ ಎಲ್ಲೆಲ್ಲಿಂದ ಬರುತ್ತಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಇರುತ್ತದೆ. ಆ ಸಾಲುಗಳನ್ನು ಓದದೆ ತೃಪ್ತಿ ಕೊಡುವ ಕೊಲೋಸಿಯಂ ಕಟ್ಟಲು ಓಡಬೇಡಿ.

ಮೊದಲು ತೃಪ್ತಿಯ ಕಡೆ ನೋಡಿ, ಏಕೆಂದರೆ ಎಷ್ಟೋ ಸಲ ಗೆದ್ದ ನಗರದ ಮೇಲೆ ಬರುವ ಅಪವಾದ ಅದಕ್ಕೆ ಸಲ್ಲಬೇಕಾದದ್ದಲ್ಲ. ಒಂದೊಂದು ಬಗೆಯ ಐಷಾರಾಮಿ ಸಂಪನ್ಮೂಲ 4 ಅಂಕ ತೃಪ್ತಿ ಕೊಡುತ್ತದೆ. ನೀವು ಯುದ್ಧ ಸಾರಿದ ದೇಶದೊಂದಿಗೆ ರೇಷ್ಮೆಗೋ ದಂತಕ್ಕೋ ವಿನಿಮಯ ಒಪ್ಪಂದ ಇದ್ದಿದ್ದರೆ ಅದು ಅದೇ ಕ್ಷಣದಲ್ಲಿ ಮುರಿದುಬಿದ್ದಿರುತ್ತದೆ. ಶಾಂತಿಯಲ್ಲಿರುವ ದೇಶದೊಂದಿಗಿನ ಒಪ್ಪಂದವೂ 30 ಸರದಿಗೆ ಮುಗಿಯುವಂಥದ್ದು. ಯುದ್ಧದ ಗಡಿಬಿಡಿಯಲ್ಲಿ ಅದನ್ನು ನವೀಕರಿಸಲು ಮರೆತಿರುತ್ತೀರಿ. ಎದುರಾಳಿಗೆ ಮಿತ್ರರಾಗಿದ್ದ ಸಿಟಿ-ಸ್ಟೇಟ್‌ಗಳು (ಒಂದೇ ನಗರದ ಪುಟ್ಟ ದೇಶಗಳು) ನಿಮ್ಮ ಮೇಲೂ ಯುದ್ಧಕ್ಕೆ ಬರುತ್ತವೆ, ನಿಮ್ಮ ಮಿತ್ರರಾಗಿದ್ದವುಗಳ ಮೇಲಿನ ಪ್ರಭಾವ ಪ್ರತಿ ಸರದಿಗೂ ಸವೆಯುತ್ತಿರುತ್ತದೆ. ಒಂದು ಮೈತ್ರಿ ಕೈತಪ್ಪಿದರೆ ಅದು ಕೊಡುತ್ತಿದ್ದ ಸಂಪನ್ಮೂಲಗಳೂ ಹೋದಂತೆ. ಈ ಸಾಲುಗಳಲ್ಲಿ ಅಂಕ ತಗ್ಗಿದ್ದರೆ ಚಿಕಿತ್ಸೆ ಅಗ್ಗ: ನಿಮ್ಮಲ್ಲಿ ಎರಡೆರಡು ಇರುವ ವಸ್ತುವನ್ನು ಕೊಟ್ಟು ಇಲ್ಲದಿರುವುದನ್ನು ತೆಗೆದುಕೊಳ್ಳಿ. ಒಂದೇ ವಸ್ತುವಿನ ಎರಡನೆಯ ಪ್ರತಿಯಿಂದ ತೃಪ್ತಿ ಹೆಚ್ಚುವುದಿಲ್ಲ, ಆದ್ದರಿಂದ ಅದನ್ನು ಕೊಟ್ಟರೆ ನಷ್ಟವೂ ಇಲ್ಲ.

ಗೆದ್ದ ನಗರದ ಸುತ್ತಲಿನ ಮನೆಗಳನ್ನೂ ಒಮ್ಮೆ ನೋಡಿ. ಮುತ್ತಿಗೆಯ ಸಮಯದಲ್ಲಿ ನಿಮ್ಮದೇ ಕುದುರೆ ಸವಾರರು ದ್ರಾಕ್ಷಿ ತೋಟವನ್ನೋ ಚಿನ್ನದ ಗಣಿಯನ್ನೋ ಲೂಟಿ ಮಾಡಿದ್ದರೆ, ದುರಸ್ತಿ ಆಗುವವರೆಗೆ ಆ ಸಂಪನ್ಮೂಲ ನಿಮಗೆ ಸಿಗದು. ಒಬ್ಬ ವರ್ಕರ್‌ನನ್ನು ಕಳಿಸಿದರೆ ಕೆಲವೇ ಸರದಿಗಳಲ್ಲಿ 4 ಅಂಕ ಕೈಸೇರುತ್ತದೆ. ಇದಕ್ಕಿಂತ ಅಗ್ಗದ ಪರಿಹಾರ ಆಟದಲ್ಲಿ ಇನ್ನೊಂದಿಲ್ಲ, ಆದರೂ ಇದನ್ನು ಮರೆಯುವವರೇ ಹೆಚ್ಚು.

ಇಷ್ಟು ಮುಗಿದ ಮೇಲೆ ಅತೃಪ್ತಿಯ ಕಡೆಗೆ ಬನ್ನಿ. ಅಲ್ಲಿ ನಗರಗಳ ಸಂಖ್ಯೆಗೆ ಒಂದು ಸಾಲು, ಜನಸಂಖ್ಯೆಗೆ ಒಂದು ಸಾಲು ಇರುವಂತೆ 'ಆಕ್ಯುಪೈಡ್' ನಗರಗಳಿಗೆ ಮತ್ತು ಅವುಗಳ ಜನಸಂಖ್ಯೆಗೆ ಬೇರೆ ಸಾಲುಗಳಿರುತ್ತವೆ. ಅವುಗಳಲ್ಲಿ ಅಂಕ ಕಾಣುತ್ತಿದ್ದರೆ ಕೋರ್ಟ್‌ಹೌಸ್ ಇಲ್ಲದ, ಅನೆಕ್ಸ್ ಆದ ನಗರ ನಿಮ್ಮಲ್ಲಿದೆ ಎಂದರ್ಥ. ಸಾಮಾನ್ಯ ನಗರ 3 ಅಂಕ ಅತೃಪ್ತಿ ತರುತ್ತದೆ, ತಲೆಗೊಂದರಂತೆ ಜನಸಂಖ್ಯೆಯ ಅಂಕ ಅದರ ಮೇಲೆ ಸೇರುತ್ತದೆ. ಪಪೆಟ್ ನಗರಕ್ಕೂ ಇದೇ ದರ. ಕೋರ್ಟ್‌ಹೌಸ್ ಇಲ್ಲದೆ ಅನೆಕ್ಸ್ ಆದ ನಗರಕ್ಕೆ ಮಾತ್ರ 5 ಅಂಕ, ಜೊತೆಗೆ ತಲೆಗೆ 1.34 ಅಂಕ.

ಈ ದಶಮಾಂಶ ಏನು ಮಾಡಬಲ್ಲದು ಎಂಬುದನ್ನು ನನ್ನದೇ ಒಂದು ಆಟದಿಂದ ತೋರಿಸುತ್ತೇನೆ. ಹ್ಯಾಪಿನೆಸ್ 9 ಇತ್ತು, ಈಜಿಪ್ಟಿನ ರಾಜಧಾನಿ ಥೀಬ್ಸ್ ಬಿತ್ತು. ಜನಸಂಖ್ಯೆ 14 ಇದ್ದದ್ದು 7 ಆಯಿತು. ಎಷ್ಟಾದರೂ ರಾಜಧಾನಿ, ನಾನೇ ಆಳುತ್ತೇನೆ ಎಂಬ ಗತ್ತಿನಲ್ಲಿ ಅನೆಕ್ಸ್ ಒತ್ತಿದೆ. ಐದು ಅಂಕದ ಮೇಲೆ ಏಳು ತಲೆಗೆ 9.38, ಒಟ್ಟು 14.38, ಹ್ಯಾಪಿನೆಸ್ ಸೊನ್ನೆಗಿಂತ 5 ಕೆಳಗಿಳಿಯಿತು. ಮರುಸರದಿಯಲ್ಲೇ 8 ಜನಸಂಖ್ಯೆಯ ಮೆಂಫಿಸ್ 4 ಆಗಿ ಕೈಗೆ ಬಂತು. ಅದೇ ಕಿಟಕಿ, ಅದೇ ಗುಂಡಿ, ಇನ್ನೊಂದು 10.36. ಈಗ ಅಂಕ ಮೈನಸ್ 15ನ್ನೂ ದಾಟಿತ್ತು, ಸ್ವಲ್ಪದರಲ್ಲೇ ನನ್ನ ಹಳೆಯ ನಗರಗಳ ಬಳಿ ದಂಗೆಕೋರರು ಹುಟ್ಟಿಕೊಂಡರು, ಮುಂದೆ ಹೋಗಿದ್ದ ಸೇನೆಯ ಅರ್ಧ ಭಾಗವನ್ನು ಹಿಂದಕ್ಕೆ ಕರೆಸಬೇಕಾಯಿತು. ಎರಡನ್ನೂ ಪಪೆಟ್ ಮಾಡಿದ್ದರೆ ಥೀಬ್ಸ್‌ಗೆ 10, ಮೆಂಫಿಸ್‌ಗೆ 7, ಒಟ್ಟು 17 ಅಂಕ. ಮೈನಸ್ 8ರಲ್ಲಿ ನಿಂತಿರುತ್ತಿತ್ತು. ಅದೂ ಸುಖದ ಸ್ಥಿತಿಯಲ್ಲ, ಆದರೆ ದಂಗೆಯ ಗೆರೆಯ ಈಚೆಗೇ ಇರುತ್ತಿದ್ದೆ.

ಆ ಗೆರೆಗಳು ಹೀಗಿವೆ. ಸೊನ್ನೆಯ ಕೆಳಗೆ ಇಳಿದ ಕೂಡಲೇ ಎಲ್ಲ ನಗರಗಳ ಬೆಳವಣಿಗೆ ಕಾಲುಭಾಗಕ್ಕೆ ಇಳಿಯುತ್ತದೆ, ಸೇನೆಯ ಬಲವೂ ಕುಗ್ಗುತ್ತದೆ. ಮೈನಸ್ 10ಕ್ಕೆ ಬೆಳವಣಿಗೆ ಪೂರ್ತಿ ನಿಲ್ಲುತ್ತದೆ, ದಂಗೆಕೋರರು ಕಾಣಿಸಿಕೊಳ್ಳುತ್ತಾರೆ. ಮೈನಸ್ 20ಕ್ಕೆ ಇಳಿದರೆ ನಗರಗಳೇ ಕೈಬಿಟ್ಟು ಬೇರೆ ದೇಶ ಸೇರಿಕೊಳ್ಳುವ ಅಪಾಯವಿದೆ.

ಭಾರತವನ್ನು ಆಡುವವರಿಗೆ ಒಂದು ಮಾತು. ನಮ್ಮ ಕಡೆಯ ಆಟಗಾರರಲ್ಲಿ ಮೊದಲ ಆಟಕ್ಕೆ ಭಾರತವನ್ನೇ ಆರಿಸುವವರು ಬಹಳ. ನಗರಗಳ ಹೆಸರಿನ ಪಟ್ಟಿಯಲ್ಲಿ ವಿಜಯನಗರ ಕಂಡಾಗ ಆಗುವ ಖುಷಿಯೇ ಬೇರೆ. ಆದರೆ ಗಾಂಧಿಯವರ ನಾಯಕತ್ವದ ಈ ದೇಶಕ್ಕೆ ನಗರಗಳ ಸಂಖ್ಯೆಯಿಂದ ಬರುವ ಅತೃಪ್ತಿ ಇಮ್ಮಡಿ, ಜನಸಂಖ್ಯೆಯಿಂದ ಬರುವುದು ಅರ್ಧ. ಜನಸಂಖ್ಯೆ 2 ಇರುವ ಹಳ್ಳಿಯನ್ನು ಪಪೆಟ್ ಮಾಡಿದರೆ ಬೇರೆ ದೇಶಕ್ಕೆ 5 ಅಂಕದ ಹೊರೆ, ಭಾರತಕ್ಕೆ 7. ಜನಸಂಖ್ಯೆ 6ಕ್ಕೆ ಬಂದಾಗ ಇಬ್ಬರಿಗೂ 9. ಅಲ್ಲಿಂದ ಮೇಲೆ ಭಾರತಕ್ಕೇ ಲಾಭ. ಆದ್ದರಿಂದ ಭಾರತವನ್ನು ಆಡುವಾಗ ಸಣ್ಣ ಊರುಗಳ ಆಸೆ ಬಿಟ್ಟು ದೊಡ್ಡ ನಗರಗಳನ್ನಷ್ಟೇ ಉಳಿಸಿಕೊಳ್ಳುವುದು ಜಾಣತನ.

ಲಕ್ಷಣ: ಅನೆಕ್ಸ್ ಮಾಡಿ ಎಷ್ಟೋ ಸರದಿಯಾದರೂ ಅತೃಪ್ತಿ ಇಳಿಯುತ್ತಿಲ್ಲ

ಕೋರ್ಟು ಕಚೇರಿಯ ಬಗ್ಗೆ 'ಗೆದ್ದವ ಸೋತ, ಸೋತವ ಸತ್ತ' ಎಂಬ ಗಾದೆ ನಮ್ಮಲ್ಲಿದೆ. ಈ ಆಟದಲ್ಲಿ ಮಾತ್ರ ಗೆದ್ದವನನ್ನು ಉಳಿಸುವುದೇ ಕೋರ್ಟ್‌ಹೌಸ್. ಅದು ಪೂರ್ಣಗೊಂಡ ಸರದಿಯಿಂದ ಆ ನಗರದ ಮೇಲಿನ ಹೆಚ್ಚುವರಿ ದರ ಹೋಗಿ ಸಾಮಾನ್ಯ ದರ ಅನ್ವಯವಾಗುತ್ತದೆ.

ನಗರದ ಉತ್ಪಾದನಾ ಪಟ್ಟಿಯಲ್ಲಿ ಕೋರ್ಟ್‌ಹೌಸ್ ಯಾವ ಸ್ಥಾನದಲ್ಲಿದೆ ಎಂದು ಮೊದಲು ನೋಡಿ. ಅದಕ್ಕೆ 100 ಉತ್ಪಾದನಾ ಅಂಕ ಬೇಕು. ಯುದ್ಧದಲ್ಲಿ ಜರ್ಜರಿತವಾದ ನಗರ ಸರದಿಗೆ 3 ಅಂಕ ಮಾತ್ರ ಕೊಡುತ್ತಿದ್ದರೆ 34 ಸರದಿ ಹಿಡಿಯುತ್ತದೆ. ಅಷ್ಟೂ ಕಾಲ ನೀವು ಹೆಚ್ಚಿನ ದರ ತೆರುತ್ತಿರುತ್ತೀರಿ. ಕೋರ್ಟ್‌ಹೌಸ್ ಪಟ್ಟಿಯಲ್ಲೇ ಇಲ್ಲದಿದ್ದರೆ ಮ್ಯಾಥಮ್ಯಾಟಿಕ್ಸ್ ತಂತ್ರಜ್ಞಾನ ನಿಮ್ಮಲ್ಲಿದೆಯೇ ಎಂದು ಪರೀಕ್ಷಿಸಿ. ತೀರಾ ಆರಂಭದಲ್ಲೇ ದಾಳಿ ಮಾಡುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ: ಯಾವ ನಗರವಾದರೂ ಮೊದಲು ಪಪೆಟ್. ಪ್ರತಿರೋಧ ಮುಗಿಯುವಷ್ಟರಲ್ಲಿ ಕೋರ್ಟ್‌ಹೌಸ್ ಕೊಳ್ಳುವಷ್ಟು ಚಿನ್ನ ಕೂಡಿಟ್ಟುಕೊಳ್ಳುತ್ತೇನೆ. ಆಮೇಲೆ ನಗರದ ಹೆಸರಿನ ಪಟ್ಟಿಯನ್ನು ಕ್ಲಿಕ್ ಮಾಡಿ, ಬರುವ ಕಿಟಕಿಯಲ್ಲಿ ಅನೆಕ್ಸ್ ಒತ್ತಿ, ಅದೇ ಸರದಿಯಲ್ಲಿ ಕೋರ್ಟ್‌ಹೌಸ್ ಕೊಳ್ಳುತ್ತೇನೆ. ಪಪೆಟ್ ನಗರವನ್ನು ತಡವಾಗಿ ಅನೆಕ್ಸ್ ಮಾಡಿದರೆ ಹೊಸದಾಗಿ ಪ್ರತಿರೋಧ ಶುರುವಾಗುವುದಿಲ್ಲ, ಹೆಚ್ಚಿನ ದರ ಒಂದು ಸರದಿಗಿಂತ ಹೆಚ್ಚು ಕಾಲ ತಟ್ಟುವುದೂ ಇಲ್ಲ. ಕೋರ್ಟ್‌ಹೌಸ್‌ಗೆ ಸರದಿಗೆ 4 ಚಿನ್ನದ ನಿರ್ವಹಣಾ ವೆಚ್ಚವಿದೆ ಎಂಬುದನ್ನು ಮರೆಯಬಾರದು; ಆ ನಾಲ್ಕನ್ನು ದುಡಿದುಕೊಡಲಾಗದ ನಗರ ಪಪೆಟ್ ಆಗಿಯೇ ಇರಲಿ.

ಐಡಿಯಾಲಜಿ (ದೇಶ ಆರಿಸಿಕೊಳ್ಳುವ ರಾಜಕೀಯ ಸಿದ್ಧಾಂತ) ಹಂತಕ್ಕೆ ಬಂದ ಆಟದಲ್ಲಿ ಇನ್ನೆರಡು ದಾರಿಗಳಿವೆ. ಆಟೋಕ್ರಸಿಯ ಪೊಲೀಸ್ ಸ್ಟೇಟ್ ತತ್ವ ತೆಗೆದುಕೊಂಡರೆ ಕೋರ್ಟ್‌ಹೌಸ್ ಅರ್ಧ ಸಮಯದಲ್ಲಿ ಮುಗಿಯುತ್ತದೆ, ಒಂದೊಂದೂ 3 ಅಂಕ ತೃಪ್ತಿಯನ್ನೂ ಕೊಡುತ್ತದೆ. ಆರ್ಡರ್‌ನ ಐರನ್ ಕರ್ಟನ್ ಇದ್ದರೆ ನಗರ ಹಿಡಿದ ಕೂಡಲೇ ಕೋರ್ಟ್‌ಹೌಸ್ ಉಚಿತ. ಕೊನೆಯ ಘಟ್ಟದಲ್ಲಿ ಜಗತ್ತನ್ನೇ ಗೆಲ್ಲಲು ಹೊರಟವರು ಇವೆರಡರಲ್ಲಿ ಒಂದಿಲ್ಲದೆ ಹೊರಡುವುದು ಮೂರ್ಖತನವೆಂದೇ ನನ್ನ ಅಭಿಪ್ರಾಯ.

ಕೋರ್ಟ್‌ಹೌಸ್ ಆಗಿದೆ, ಆಕ್ಯುಪೈಡ್ ಸಾಲುಗಳೂ ಹೋಗಿವೆ, ಆದರೂ ಅಂಕ ಸಾಲದು ಎಂದಾದರೆ ಮಾತ್ರ ಕಟ್ಟಡಗಳ ಬಗ್ಗೆ ಯೋಚಿಸಿ. ಕೊಲೋಸಿಯಂ, ಝೂ, ಸ್ಟೇಡಿಯಂ ಒಂದೊಂದೂ 2 ಅಂಕ ಕೊಡುತ್ತವೆ. ಇಲ್ಲೊಂದು ಮಿತಿಯಿದೆ: ಇಂಥ ಸ್ಥಳೀಯ ತೃಪ್ತಿ ಆ ನಗರದ ಜನಸಂಖ್ಯೆಯನ್ನು ಮೀರುವಂತಿಲ್ಲ. ಮೂರು ಜನಸಂಖ್ಯೆಯ ಊರಿನಲ್ಲಿ ಮೂರೂ ಕಟ್ಟಡಗಳನ್ನು ಕಟ್ಟಿದರೆ 6 ಬರುವುದಿಲ್ಲ, 3 ಬರುತ್ತದೆ, ನಿರ್ವಹಣಾ ವೆಚ್ಚ ಮಾತ್ರ ಮೂರು ಕಟ್ಟಡಗಳದ್ದೂ ಹೋಗುತ್ತದೆ. ಹಾನರ್ ನೀತಿಯ ಮಿಲಿಟರಿ ಕಾಸ್ಟ್ ಇದ್ದವರು ನಗರದೊಳಗೆ ಒಂದು ತುಕಡಿ ನಿಲ್ಲಿಸಿದರೆ 1 ಅಂಕ, ಲಿಬರ್ಟಿಯ ಮೆರಿಟಾಕ್ರಸಿ ಇದ್ದವರು ನಗರವನ್ನು ರಾಜಧಾನಿಗೆ ಜೋಡಿಸಿದರೆ 1 ಅಂಕ ಸಿಗುತ್ತದೆ.

ಲಕ್ಷಣ: ಗೆದ್ದ ಮೇಲೆ ಸರದಿ ಸರದಿಗೂ ಚಿನ್ನ ಸೋರುತ್ತಿದೆ

ನಗರ ಬಿದ್ದಾಗ ಒಂದು ಮೊತ್ತ ಲೂಟಿಯಾಗಿ ಬರುತ್ತದೆ, ಅದನ್ನು ನೋಡಿ ಖಜಾನೆ ತುಂಬಿತೆಂದು ಭಾವಿಸುತ್ತೇವೆ. ಎಫ್2 ಪುಟದಲ್ಲಿ ವೆಚ್ಚದ ಸಾಲುಗಳನ್ನು ಬಿಡಿಸಿ ನೋಡಿ: ಸೇನೆ, ಕಟ್ಟಡ, ರಸ್ತೆ. ಸೇನೆಯದ್ದೇ ದೊಡ್ಡ ಪಾಲಾಗಿದ್ದರೆ ಗೆದ್ದ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ, ಗಾಯಗೊಂಡ ತುಕಡಿಗಳನ್ನು ವಿಸರ್ಜಿಸಿ.

ರಸ್ತೆ ಪ್ರತಿ ಮನೆಗೂ ಸರದಿಗೆ 1 ಚಿನ್ನ ನುಂಗುತ್ತದೆ. ರಾಜಧಾನಿಗೆ ಜೋಡಣೆ ಪೂರ್ಣವಾದರೆ ನಗರದ ಜನಸಂಖ್ಯೆಗೆ ತಕ್ಕಷ್ಟು ಆದಾಯ ಬರುತ್ತದೆ, ಒಂದೇ ಒಂದು ಮನೆಯಲ್ಲಿ ರಸ್ತೆ ತುಂಡಾಗಿದ್ದರೂ ಆದಾಯ ಸೊನ್ನೆ, ಖರ್ಚು ಪೂರ್ತಿ. ಯುದ್ಧದಲ್ಲಿ ಲೂಟಿಯಾದ ರಸ್ತೆಯನ್ನು ಕಣ್ಣಿಟ್ಟು ಹುಡುಕಿ. ಸಮುದ್ರತೀರದ ನಗರವಾದರೆ, ರಾಜಧಾನಿಯೂ ತೀರದಲ್ಲಿದ್ದರೆ, ಹಾರ್ಬರ್‌ಗಳಿಂದಲೇ ಜೋಡಣೆ ಸಿಗುತ್ತದೆ.

ಪಪೆಟ್ ನಗರಗಳದ್ದು ಬೇರೆ ಚಟ. ಅವು ಚಿನ್ನದ ಕಡೆ ಒಲವಿಟ್ಟು ದುಡಿಯುತ್ತವೆ ನಿಜ, ಆದರೆ ಏನು ಕಟ್ಟಬೇಕೆಂದು ನಿಮ್ಮನ್ನು ಕೇಳುವುದಿಲ್ಲ. ಬೇಕಾದ್ದು ಬೇಡದ್ದು ಎಲ್ಲವನ್ನೂ ಕಟ್ಟಿ ವೆಚ್ಚವನ್ನು ನಿಮ್ಮ ಲೆಕ್ಕಕ್ಕೆ ಹಾಕುತ್ತವೆ. ಅವುಗಳ ಪ್ರಜೆಗಳು ಯಾವ ಮನೆಯಲ್ಲಿ ದುಡಿಯಬೇಕೆಂದು ನೀವು ಹೇಳುವಂತಿಲ್ಲ, ಆದರೆ ಆ ಮನೆಯಲ್ಲಿ ಏನಿರಬೇಕೆಂಬುದು ನಿಮ್ಮ ವರ್ಕರ್‌ನ ಕೈಯಲ್ಲಿದೆ. ಹೊಲಗಳನ್ನು ಕಿತ್ತು ಟ್ರೇಡಿಂಗ್ ಪೋಸ್ಟ್ ಹಾಕಿಸಿದರೆ ಚಿನ್ನ ಹೆಚ್ಚುತ್ತದೆ, ಜನಸಂಖ್ಯೆ ಏರದೆ ಅತೃಪ್ತಿಯೂ ಹತೋಟಿಯಲ್ಲಿರುತ್ತದೆ. ಒಂದು ಕೆಲಸಕ್ಕೆ ಎರಡು ಫಲ. ಕಟ್ಟಡಗಳ ಹೊರೆಯೇ ಅತಿಯಾಗಿದ್ದರೆ ಅನೆಕ್ಸ್ ಮಾಡಿ ಬೇಡದವನ್ನು ಮಾರಬಹುದು, ಸರದಿಗೆ ಒಂದರಂತೆ. ಆದರೆ ಮೂರು ಚಿನ್ನ ಉಳಿಸಲು ಹೋಗಿ ಕೋರ್ಟ್‌ಹೌಸ್‌ನ ನಾಲ್ಕನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಿಲ್ಲವಷ್ಟೇ ಎಂದು ಮೊದಲು ನೋಡಿಕೊಳ್ಳಿ.

ಎಚ್ಚರಿಕೆ: ಖಜಾನೆ ಸೊನ್ನೆಗೆ ಬಂದು ಆದಾಯ ಋಣಾತ್ಮಕವಾಗಿಯೇ ಉಳಿದರೆ ಕೊರತೆ ಸಂಶೋಧನೆಯಿಂದ ಕಡಿತವಾಗುತ್ತದೆ, ಆಮೇಲೆ ತುಕಡಿಗಳು ತಾವಾಗಿಯೇ ವಿಸರ್ಜನೆಯಾಗುತ್ತವೆ. ಆ ಹಂತಕ್ಕೆ ಬರುವ ಮೊದಲೇ ಯುದ್ಧ ನಿಲ್ಲಿಸಿ.

ಲಕ್ಷಣ: ನಗರದಲ್ಲಿ ಹಸಿವು, ಜನಸಂಖ್ಯೆ ಇಳಿಯುತ್ತಿದೆ

ನಕ್ಷೆಯಲ್ಲಿ ನಗರದ ಸುತ್ತ ಕಣ್ಣಾಡಿಸಿದರೆ ಸಾಕು. ಶತ್ರುವಿನ ತುಕಡಿ ನಿಂತಿರುವ ಮನೆಯಲ್ಲಿ ನಿಮ್ಮ ಪ್ರಜೆ ದುಡಿಯಲಾರ. ಲೂಟಿಯಾದ ಹೊಲ ಪೂರ್ತಿ ಫಸಲು ಕೊಡದು. ಪಕ್ಕದಲ್ಲೇ ಶತ್ರುವಿನ ಇನ್ನೊಂದು ನಗರ ಉಳಿದಿದ್ದರೆ ನಡುವಿನ ಒಳ್ಳೆಯ ಮನೆಗಳು ಅದರ ಹೆಸರಿನಲ್ಲಿಯೇ ಇರಬಹುದು. ಗಡಿಯ ಬಣ್ಣ ನೋಡಿದರೆ ಇದು ಗೊತ್ತಾಗುತ್ತದೆ. ಮೊದಲೆರಡಕ್ಕೆ ಸೈನಿಕ ಮತ್ತು ವರ್ಕರ್ ಸಾಕು. ಮೂರನೆಯದಕ್ಕೆ ಆ ಪಕ್ಕದ ನಗರವನ್ನೂ ಹಿಡಿಯಬೇಕು, ಇಲ್ಲವೇ ಸಣ್ಣ ನಗರದಿಂದಲೇ ತೃಪ್ತಿಪಡಬೇಕು.

ಮುತ್ತಿಗೆಗೆ ಮೊದಲು ಗಟ್ಟಿಯಾಗಿ ಕಂಡಿದ್ದ ನಗರ ಹಿಡಿದ ಮೇಲೆ ಬಡಕಲಾಗಿ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ವಶವಾಗುವಾಗ ಕೋಟೆ ಗೋಡೆಯಂಥ ರಕ್ಷಣಾ ಕಟ್ಟಡಗಳು ಉಳಿಯುವುದಿಲ್ಲ, ಉಳಿದವುಗಳಲ್ಲಿ ಕೆಲವು ಬದುಕುತ್ತವೆ, ಕೆಲವು ಹೋಗುತ್ತವೆ. ಜಾಗತಿಕ ವಂಡರ್‌ಗಳು (ಜಗತ್ತಿನಲ್ಲಿ ಒಂದೊಂದೇ ಇರುವ ಅದ್ಭುತ ಕಟ್ಟಡಗಳು) ಮಾತ್ರ ನಿಮ್ಮ ಪಾಲಿಗೆ ಬರುತ್ತವೆ. ಗೋಡೆಯಿಲ್ಲದ ನಗರವನ್ನು ಶತ್ರು ಮರುಸರದಿಯಲ್ಲೇ ಕಿತ್ತುಕೊಳ್ಳಬಹುದಾದ್ದರಿಂದ ಒಳಗೊಂದು ತುಕಡಿಯನ್ನು ಬಿಟ್ಟೇ ಮುಂದೆ ಹೋಗಿ.

ಲಕ್ಷಣ: ನೀತಿ, ತಂತ್ರಜ್ಞಾನ ತಡವಾಗುತ್ತಿವೆ, ನ್ಯಾಷನಲ್ ಕಾಲೇಜ್ ಕಟ್ಟಲಾಗುತ್ತಿಲ್ಲ

ನೀವು ನೇರವಾಗಿ ಆಳುವ ಪ್ರತಿ ನಗರ ಸೋಷಿಯಲ್ ಪಾಲಿಸಿಯ ಬೆಲೆಯನ್ನು ಶೇ. 10ರಷ್ಟು ಏರಿಸುತ್ತದೆ, ಪಪೆಟ್‌ಗೆ ಈ ದಂಡವಿಲ್ಲ. ತಂತ್ರಜ್ಞಾನದ ಬೆಲೆ ನಗರಕ್ಕೆ ಶೇ. 5ರಷ್ಟು ಏರುತ್ತದೆ, ಇಲ್ಲಿ ಪಪೆಟ್‌ಗೂ ವಿನಾಯಿತಿಯಿಲ್ಲ. ಜೊತೆಗೆ ಪಪೆಟ್ ನಗರದ ಸಂಶೋಧನೆ ಮತ್ತು ಸಂಸ್ಕೃತಿಯಲ್ಲಿ ಶೇ. 25 ಕಡಿತವಾಗುತ್ತದೆ. ದೊಡ್ಡ ಜನಸಂಖ್ಯೆಯ, ಲೈಬ್ರರಿ ಮತ್ತು ಯೂನಿವರ್ಸಿಟಿ ಉಳಿದುಕೊಂಡ ನಗರವಾದರೆ ಅನೆಕ್ಸ್ ಮಾಡುವುದಕ್ಕೆ ಇದೇ ತಕ್ಕ ಕಾರಣ.

ನ್ಯಾಷನಲ್ ಕಾಲೇಜ್ ಎಂಬ ರಾಷ್ಟ್ರೀಯ ವಂಡರ್ ಕಟ್ಟಲು ನೀವು ಆಳುವ ಎಲ್ಲ ನಗರಗಳಲ್ಲೂ ಲೈಬ್ರರಿ ಇರಬೇಕು. ಪಪೆಟ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅನೆಕ್ಸ್ ಆದವು ಬರುತ್ತವೆ. ಹಾಗಾಗಿ ಇನ್ನೇನು ಶುರುಮಾಡಬೇಕೆಂದಿದ್ದ ಕಾಲೇಜು ಒಂದು ಅನೆಕ್ಸ್‌ನಿಂದ ಕೈತಪ್ಪುತ್ತದೆ. ಹೊಸ ನಗರದಲ್ಲಿ ಲೈಬ್ರರಿ ಕೊಂಡರೆ ಗುಂಡಿ ಮರಳುತ್ತದೆ.

ಲಕ್ಷಣ: ಬೇಕಾದ ಗುಂಡಿಯೇ ಕಾಣುತ್ತಿಲ್ಲ

ರೇಜ್ ಇಲ್ಲದಿದ್ದರೆ ಅದು ಯಾವುದೋ ದೇಶದ ಮೂಲ ರಾಜಧಾನಿ, ಸಿಟಿ-ಸ್ಟೇಟ್ ಅಥವಾ ಒಂದು ಧರ್ಮದ ಪವಿತ್ರ ನಗರ; ಇವನ್ನು ನೆಲಸಮ ಮಾಡಲು ಆಟ ಬಿಡುವುದಿಲ್ಲ. ಅನೆಕ್ಸ್ ಇಲ್ಲದಿದ್ದರೆ ನೀವು ಆಡುತ್ತಿರುವುದು ವೆನಿಸ್. ಅದಕ್ಕೆ ಅನೆಕ್ಸ್ ನಿಷಿದ್ಧ, ಬದಲಿಗೆ ಪಪೆಟ್ ನಗರಗಳಲ್ಲೂ ಚಿನ್ನ ಕೊಟ್ಟು ಕೊಳ್ಳುವ ಅವಕಾಶವಿದೆ.

ರೇಜ್ ಒತ್ತಿದವರ ದೂರೂ ಒಂದಿದೆ: ನಾಶ ಮಾಡುತ್ತಿದ್ದರೂ ಅತೃಪ್ತಿ ಏಕೆ ಏರಿತು? ನಗರ ಸರದಿಗೆ ಒಂದು ಜನಸಂಖ್ಯೆಯಂತೆ ಕರಗುತ್ತದೆ, ಪೂರ್ತಿ ಅಳಿಯುವವರೆಗೆ ಅದು ಕೋರ್ಟ್‌ಹೌಸ್ ಇಲ್ಲದ ಅನೆಕ್ಸ್ ನಗರದ ದರದಲ್ಲೇ ಲೆಕ್ಕಕ್ಕೆ ಬರುತ್ತದೆ. ಈಗಾಗಲೇ ಮೈನಸ್‌ನಲ್ಲಿರುವವರು ಎರಡು ಮೂರು ನಗರಗಳನ್ನು ಒಟ್ಟಿಗೆ ರೇಜ್‌ಗೆ ಹಾಕಬಾರದು.

ಲಕ್ಷಣ: ದಂಗೆಕೋರರು ಕಾಣಿಸಿಕೊಂಡಿದ್ದಾರೆ, ನಗರ ಕೈಬಿಡುವ ಸೂಚನೆ ಬಂದಿದೆ

ಇಲ್ಲಿಗೆ ಬಂದಿದ್ದರೆ ಹೊಸ ನಗರ ಹಿಡಿಯುವುದನ್ನು ಈ ಸರದಿಯಿಂದಲೇ ನಿಲ್ಲಿಸಿ. ಕೊನೆಯ ಏಟು ಬಾಕಿ ಇರುವ ನಗರವನ್ನು ಮುತ್ತಿಗೆಯಲ್ಲೇ ಇಟ್ಟುಕೊಂಡು ಕಾಯಬಹುದು, ಅದರಿಂದ ನಷ್ಟವಿಲ್ಲ. ಸುಧಾರಿತ ಮನೆಗಳ ಮೇಲೆ, ಅದರಲ್ಲೂ ಐಷಾರಾಮಿ ಸಂಪನ್ಮೂಲಗಳ ಮೇಲೆ ತುಕಡಿಗಳನ್ನು ನಿಲ್ಲಿಸಿ, ಏಕೆಂದರೆ ದಂಗೆಕೋರರು ಅವನ್ನು ಲೂಟಿ ಮಾಡಿದರೆ ತೃಪ್ತಿ ಇನ್ನೂ 4 ಅಂಕ ಇಳಿದು ಹೊಸ ದಂಗೆಗೆ ದಾರಿಯಾಗುತ್ತದೆ.

ಎಫ್2 ಪಟ್ಟಿಯಲ್ಲಿ ಪಬ್ಲಿಕ್ ಒಪಿನಿಯನ್ ಸಾಲಿನಲ್ಲಿ ದೊಡ್ಡ ಅಂಕ ಇದ್ದರೆ ರೋಗ ಬೇರೆ. ಅದು ಬೇರೆ ಐಡಿಯಾಲಜಿಯ ದೇಶಗಳು ಸಂಸ್ಕೃತಿಯ ಮೂಲಕ ಹೇರುತ್ತಿರುವ ಒತ್ತಡ. ಕೋರ್ಟ್‌ಹೌಸ್‌ಗಳ ಮೇಲೆ ಚಿನ್ನ ಸುರಿದರೂ ಆ ಸಾಲು ಅಲುಗುವುದಿಲ್ಲ. ಒತ್ತಡದ ಮೂಲವಾದ ದೇಶವನ್ನೇ ಸೋಲಿಸಬೇಕು, ನಿಮ್ಮ ಸಂಸ್ಕೃತಿಯನ್ನು ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಐಡಿಯಾಲಜಿ ಬದಲಿಸಬೇಕು. ಮೂರೂ ದುಬಾರಿ.

ಹೊರೆ ಇಳಿಸಲು ಲಿಬರೇಟ್ ಗುಂಡಿಯನ್ನು ಬಳಸುವವರು ಕಡಿಮೆ. ನಗರವನ್ನು ಮೂಲ ಒಡೆಯನಿಗೆ ಮರಳಿಸಿದರೆ ಅದರ ಅತೃಪ್ತಿ ನಿಮ್ಮ ಲೆಕ್ಕದಿಂದ ಹೋಗುತ್ತದೆ, ಯುದ್ಧಪಿಪಾಸು ಎಂಬ ಅಪಖ್ಯಾತಿಯೂ ತಗ್ಗುತ್ತದೆ, ಸತ್ತಿದ್ದ ದೇಶವೊಂದು ಎದ್ದು ನಿಮ್ಮ ಕೃತಜ್ಞ ನೆರೆಯಾಗುತ್ತದೆ. ಕಿಟಕಿಯಲ್ಲಿ ಆ ಗುಂಡಿ ಕಂಡಾಗ ಒಂದು ಕ್ಷಣ ನಿಂತು ಯೋಚಿಸಿ.

ಇಷ್ಟಾದರೂ ಲೆಕ್ಕ ಹೊಂದದಿದ್ದರೆ

ಮೇಲಿನ ದರಗಳಿಗೂ ನಿಮ್ಮ ಪರದೆಯ ಅಂಕಿಗೂ ತಾಳೆಯಾಗದಿದ್ದರೆ ಮೊದಲು ನಕ್ಷೆಯ ಗಾತ್ರ ನೋಡಿ. ದೊಡ್ಡ ನಕ್ಷೆಗಳಲ್ಲಿ ನಗರಕ್ಕೆ ತಗಲುವ ದರಗಳು ಕಡಿಮೆ. ಆಮೇಲೆ ಮಾಡ್‌ಗಳು, ಅಂದರೆ ಆಟವನ್ನು ಬದಲಿಸಲು ಇತರರು ಬರೆದ ಸೇರ್ಪಡೆಗಳು. ಹ್ಯಾಪಿನೆಸ್ ವ್ಯವಸ್ಥೆಯನ್ನೇ ತಿದ್ದಿಬರೆದ ಮಾಡ್‌ಗಳು ಎಷ್ಟೋ ಇವೆ. ಎಲ್ಲವನ್ನೂ ನಿಷ್ಕ್ರಿಯಗೊಳಿಸಿ, ಹೊಸ ಆಟವೊಂದನ್ನು ಶುರುಮಾಡಿ, ಹತ್ತಿರದ ಸಣ್ಣ ನಗರವೊಂದನ್ನು ಹಿಡಿದು ಅಂಕ ಎಣಿಸಿ. ಮಾಡ್ ಹಾಕಿ ಆಡಿದ ಹಳೆಯ ಸೇವ್ ಕಡತವನ್ನು ಮಾಡ್ ತೆಗೆದು ತೆರೆಯಲು ಪ್ರಯತ್ನಿಸಬೇಡಿ.

ಆಟದ ಕಡತಗಳಲ್ಲಿ ಅಂಕಿಗಳನ್ನು ಕೈಯಾರೆ ತಿದ್ದಿ 'ಸರಿಪಡಿಸುವ' ಸಲಹೆ ಯಾರಾದರೂ ಕೊಟ್ಟರೆ ಮೂಲ ಕಡತದ ಪ್ರತಿ ತೆಗೆದಿಡದೆ ಕೈಹಾಕಬಾರದು, ಗುರುತಿಲ್ಲದ ಕಡೆಯಿಂದ ಸೇವ್ ತಿದ್ದುವ ತಂತ್ರಾಂಶ ಇಳಿಸಿಕೊಳ್ಳಲೇಬಾರದು. ಇಲ್ಲಿಗೆ ನಿಲ್ಲಿಸಿ, ಅನುಭವವಿರುವ ಆಟಗಾರರೊಬ್ಬರನ್ನು ಕೇಳಿ. ಕೇಳುವಾಗ ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರ್‌ನಲ್ಲಿ ಸಿಗುವ ಸೇವ್ ಕಡತ, ನಗರ ಹಿಡಿಯುವ ಹಿಂದಿನ ಸರದಿಯ ಆಟೋಸೇವ್, ಎಫ್2 ಪುಟದ ಚಿತ್ರ, ನಿಮ್ಮಲ್ಲಿರುವ ವಿಸ್ತರಣೆಗಳು, ವೇಗ, ನಕ್ಷೆಯ ಗಾತ್ರ, ಮಾಡ್‌ಗಳ ಪಟ್ಟಿ, ಇಷ್ಟನ್ನೂ ಒಟ್ಟಿಗೆ ಕೊಡಿ. ನಗರ ಹಿಡಿಯುವ ಹಿಂದಿನ ಆ ಆಟೋಸೇವ್ ಇದ್ದರೆ ಎರಡೂ ಸರದಿಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಯಿತೆಂದು ನೋಡಲು ಐದು ನಿಮಿಷವೂ ಬೇಡ.